ಬಲಗಾಲಿನ ಗುರುತು

ಕೇಳಿದ್ದನ್ನಲ್ಲ, ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ. ನಮ್ಮ ಬೀದಿಯ ಹನ್ನೆರಡು ಅಂಗಡಿಗಳಲ್ಲಿ ಹನ್ನೊಂದು ಮುಚ್ಚಿದ್ದವು. ಉಳಿದಿದ್ದುದು ಅಕ್ಕನೂ ನಾನೂ ನಡೆಸುತ್ತಿದ್ದ ಚಪ್ಪಲಿ ಅಂಗಡಿ ಒಂದೇ. ಗಿರಾಕಿಯ ಮುಖ ಕಂಡು ತಿಂಗಳಾಗಿತ್ತು. ಮಾಲನ್ನು ಸಗಟು ವ್ಯಾಪಾರಿಗೆ ಕೊಟ್ಟು ಬಾಗಿಲು ಹಾಕೋಣವೆಂದು ನಾನು, ಇನ್ನೊಂದು ವಾರ ನೋಡೋಣವೆಂದು ಅಕ್ಕ.

ಕಳ್ಳರ ಭಯಕ್ಕೆ ಎಡಗಾಲಿನದನ್ನಷ್ಟೇ ಗಾಜಿನ ಕಪಾಟಿನಲ್ಲಿಟ್ಟು, ಬಲಗಾಲಿನದನ್ನು ಅಟ್ಟದ ಪೆಟ್ಟಿಗೆಯಲ್ಲಿಡುವುದು ನಮ್ಮ ರೂಢಿ. ಆ ಮಧ್ಯಾಹ್ನ ಲೆಕ್ಕ ನೋಡೋಣವೆಂದು ಪೆಟ್ಟಿಗೆಗಳನ್ನು ಬಿಚ್ಚಿದೆ. ಯಾರೂ ಮೆಟ್ಟದ ಆ ಹೊಸ ಚಪ್ಪಲಿಗಳ ತಳದಲ್ಲಿ ಬೀದಿಯ ಧೂಳಿತ್ತು. ಮುಟ್ಟಿದರೆ ಒಂದೊಂದೂ ಈಗಷ್ಟೇ ಕಳಚಿಟ್ಟಂತೆ ಬೆಚ್ಚಗಿತ್ತು.

"ನೀನೇನಾದ್ರೂ ಹಾಕ್ಕೊಂಡು ಓಡಾಡಿದ್ಯೇನೇ?" ಎಂದಳು ಅಕ್ಕ.

"ಒಂದೇ ಕಾಲಲ್ಲಿ ಕುಂಟ್ಕೊಂಡಾ?" ಎಂದೆ. ಇಬ್ಬರಿಗೂ ನಗು ಬರಲಿಲ್ಲ.

ಹೊರಗೆ ಬಂದು ನೋಡಿದೆವು. ಮುಚ್ಚಿದ ಹನ್ನೊಂದು ಅಂಗಡಿಗಳ ಮುಂದಿನ ಧೂಳಿನಲ್ಲೂ ಬಲಗಾಲಿನ ಗುರುತುಗಳಷ್ಟೇ ಇದ್ದವು. ಎಲ್ಲವೂ ಷಟರಿನವರೆಗೆ ಹೋಗಿದ್ದವು, ಹಿಂದಿರುಗಿದ್ದು ಒಂದೂ ಇಲ್ಲ. ನಮ್ಮ ಹೊಸಿಲ ಮುಂದೆ ಮಾತ್ರ ಏನೂ ಇರಲಿಲ್ಲ.

"ಮುಚ್ಚಿರೋರಿಗೆ ವ್ಯಾಪಾರ, ತೆಗೆದಿರೋ ನಾವು ನೊಣ ಹೊಡೀತಾ ಕೂತಿದೀವಿ," ಎಂದು ಅಕ್ಕ ಮೆಲ್ಲಗೆ ಅಂದಳು. "ಷಟರ್ ಎಳಿಯೇ."

ದೇವರ ಹೆಸರು ಹೇಳಿ ಬೀಗ ಹಾಕಿದೆವು.

ಮರುದಿನ ಬೆಳಿಗ್ಗೆ ನಾವು ಬರುವಷ್ಟರಲ್ಲಿ, ಮಾಲು ನೋಡಲು ನಾನು ಕರೆಸಿದ್ದ ಸಗಟು ವ್ಯಾಪಾರಿ ಷಟರಿಗೆ ಕಿವಿಯಿಟ್ಟು ನಿಂತಿದ್ದ.

"ಇಷ್ಟೊಂದು ಗಿರಾಕಿ ಇರೋ ಅಂಗಡೀನ ಯಾಕಮ್ಮಾ ಮುಚ್ತೀರಿ?" ಎಂದು ಕೇಳಿದ.

ಬೀಗ ನಾವು ಹಾಕಿದಂತೆಯೇ ಇತ್ತು.