ನೂರನ್ನು ಮೂವತ್ತೈದು ಮಾಡಿದವನು

"ಅದನ್ನ ನಿಮಗೆ ಮಾರಲ್ಲ."

ಗಾಜಿನ ಕಪಾಟಿನತ್ತ ಚಾಚಿದ ಅವಳ ಬೆರಳು ಅಲ್ಲೇ ನಿಂತುಬಿಟ್ಟಿತು.

ಒಂದೇ ವಾರದಲ್ಲಿ ಆರು ಅಂಗಡಿ ಹತ್ತಿ ಇಳಿದಿದ್ದಳು. ಸುಳ್ಳು ಹೇಳಿ ಮಾರುವವರನ್ನು ಕಂಡಿದ್ದಳು, ಗೋಗರೆದು ಮಾರುವವರನ್ನೂ ಕಂಡಿದ್ದಳು. ಮಾರುವುದೇ ಇಲ್ಲ ಎನ್ನುವವನನ್ನು ನೋಡಿದ್ದು ಇದೇ ಮೊದಲು!

"ಮಾರಲ್ಲ ಅಂದ್ರೆ? ಇದೇನು ಅಂಗಡೀನಾ, ಮ್ಯೂಸಿಯಮ್ಮಾ?"

"ನಿಮ್ಮದು ಬಾಡಿಗೆಗೆ ಓಡಿಸೋ ಸಣ್ಣ ರಿಮೋಟ್ ಕಾರು ಅಂದ್ರಿ. ಸಾದಾ ಮೋಟರು. ಅದಕ್ಕೆ ಇಷ್ಟು ದುಬಾರಿ ಬ್ಯಾಟರಿ ದಂಡ. ಇದು ಸಾಕು."

ಅವನು ಕೆಳಗಿನ ಖಾನೆಯಿಂದ ಒಂದು ಬ್ಯಾಟರಿ ತೆಗೆದು ಅವಳ ಮುಂದಿಟ್ಟ. ಬೆಲೆ ಅದರ ಅರ್ಧಕ್ಕಿಂತ ಕಡಿಮೆ. ಮೇಲೆ ಮಿಂಚಿನ ಚಿತ್ರವಿಲ್ಲ, ಹುಲಿಯ ಮುಖವಿಲ್ಲ. ಒಂದು ಬಿಳಿ ಲೇಬಲ್ಲು, ಅದರಲ್ಲಿ ಕೈಬರಹ: ಎರಡು ಸೆಲ್, ಮೂವತ್ತೈದು ಸಿ, ಕೆಳಗೆ ಸಾಮರ್ಥ್ಯದ ಅಂಕಿ.

ರಿಮೋಟ್ ಕಾರಿನವರ ಲೋಕದಲ್ಲಿ ಈ 'ಸಿ'ಗೆ ಭಾರಿ ಮರ್ಯಾದೆ. ಬ್ಯಾಟರಿ ಎಷ್ಟು ರಭಸದಲ್ಲಿ ಕರೆಂಟು ಬಿಟ್ಟುಕೊಡಬಲ್ಲದು ಎಂಬ ಲೆಕ್ಕ ಅದು. ಎಲ್ಲರ ಬ್ಯಾಟರಿಯ ಮೇಲೂ ನೂರು, ನೂರಿಪ್ಪತ್ತು ಎಂದು ದಪ್ಪ ಅಕ್ಷರ. ಮೂವತ್ತೈದು ಎಂದು ತಾನೇ ಬರೆದು ಮಾರಲು ಕೂತ ಪುಣ್ಯಾತ್ಮ ಇವನೊಬ್ಬನೇ.

'ಅಗ್ಗದ್ದನ್ನೇ ಯಾಕೆ ತಳ್ತಿದ್ದಾನೆ? ದುಬಾರಿಯದು ಮಾರಿದ್ರೆ ಇವನಿಗೇ ಲಾಭ ಅಲ್ವಾ?'

ಅವಳು ಚೀಲದಿಂದ ಮೀಟರ್ ತೆಗೆದಳು. ಅಂಗಡಿಯವನು ಬೇಡ ಎನ್ನಲಿಲ್ಲ, ನಗಲೂ ಇಲ್ಲ. ದೀಪವನ್ನು ಸ್ವಲ್ಪ ಅವಳ ಕಡೆ ತಿರುಗಿಸಿದ, ಅಷ್ಟೇ.

ಎರಡೂ ಸೆಲ್ಲುಗಳಲ್ಲಿ ಒಂದೇ ವೋಲ್ಟೇಜು. ಬದಿಗಳು ಚಪ್ಪಟೆ, ಎಲ್ಲೂ ಉಬ್ಬಿಲ್ಲ. ಮೂಗಿನ ಹತ್ತಿರ ಹಿಡಿದು ನೋಡಿದಳು. ಲಿಪೊ ಎಂಬ ಈ ಲಿಥಿಯಂ ಬ್ಯಾಟರಿ ಕೆಟ್ಟರೆ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಬೀರುತ್ತದೆ. ಇದಕ್ಕೆ ವಾಸನೆಯೇ ಇಲ್ಲ. ಎಲ್ಲವೂ ಸರಿಯಾಗಿತ್ತು.

ಅದೇ ಅವಳಿಗೆ ಸರಿಬರಲಿಲ್ಲ!

"ಎರಡು ಕೊಡಿ. ಪರೀಕ್ಷೆಗೆ," ಎಂದಳು ಹುಬ್ಬು ಗಂಟಿಕ್ಕಿ.

"ಪರೀಕ್ಷೆ ಯಾರಿಗೆ, ಬ್ಯಾಟರಿಗಾ ನನಗಾ?"

"ಇಬ್ಬರಿಗೂ!"

* * *

ಅವಳದು ಪೀಠೋಪಕರಣಗಳ ಗೋದಾಮಿನ ಮೇಲಿನ ಒಂದು ಉದ್ದನೆಯ ಹಾಲು. ನೆಲಕ್ಕೆ ಹಳೆಯ ಕಾರ್ಪೆಟ್ಟು, ಅದರ ಮೇಲೆ ಪ್ಲಾಸ್ಟಿಕ್ ಪೈಪುಗಳನ್ನು ಬಾಗಿಸಿ ಮಾಡಿದ ತಿರುವುಗಳು. ಗಂಟೆಯ ಲೆಕ್ಕದಲ್ಲಿ ಜನ ಬಂದು ಕಾರು ಓಡಿಸಿ, ಕೂಗಾಡಿ, ಬೆವರಿ ಹೋಗುತ್ತಿದ್ದರು. ಬಾಗಿಲಲ್ಲಿ ಟಿಕೆಟ್ ಹರಿಯಲು ಚಿಕ್ಕಮ್ಮ. ಒಳಗೆ, ರಿಪೇರಿ ಮೇಜಿನ ಹಿಂದೆ ಅಪ್ಪ.

ಅಪ್ಪನ ಬಲಗೈ ಈಗ ಪೂರ್ತಿ ಮಡಚುವುದಿಲ್ಲ.

ಎರಡು ವರ್ಷದ ಹಿಂದೆ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿಯೊಂದು ಹೊತ್ತಿಕೊಂಡಿತ್ತು. ಅಪ್ಪ ಅದನ್ನು ಬರಿಗೈಯಲ್ಲಿ ಎತ್ತಿ ಕಿಟಕಿಯಿಂದ ಎಸೆದಿದ್ದರು. ಅದರ ಮೇಲೂ ನೂರು ಎಂದೇ ಬರೆದಿತ್ತು. ತಂದುಕೊಟ್ಟವನು ಅವಳನ್ನು ಮದುವೆಯಾಗಬೇಕಿದ್ದವನು. ಒಳಗಿನ ಸೆಲ್ಲು ಸತ್ವ ಕಳೆದುಕೊಂಡದ್ದು, ಹೊದಿಕೆ ಮಾತ್ರ ಹೊಸದು. ಕೇಳಿದರೆ, "ನೀವೇ ಸರಿಯಾಗಿ ಚಾರ್ಜ್ ಮಾಡಿಲ್ಲ," ಎಂದು ಕೈ ಕೊಡವಿ ಹೋದ. ಹಾಗೆ ಹೋದವನು ಮತ್ತೆ ಬರಲಿಲ್ಲ.

ಅಂದಿನಿಂದ ಅವಳು ಉಪ್ಪಿನ ಪೊಟ್ಟಣವನ್ನೂ ಎರಡು ಸಲ ತೂಗಿ ನೋಡುವ ಹೆಣ್ಣಾದಳು.

ಕಟ್ಟಡದ ಮಾಲೀಕ ಮುಖಕ್ಕೇ ಹೇಳಿದ್ದ. "ಕೆಳಗೆ ಪೂರ್ತಿ ಮರದ ಸಾಮಾನಿದೆ ತಾಯಿ. ಇನ್ನೊಂದು ಸಲ ಹೊಗೆ ಕಂಡ್ರೆ ಬೀಗ ಹಾಕ್ತೀನಿ."

ದುಬಾರಿ ಬ್ಯಾಟರಿ ಕೊಳ್ಳುವ ಶಕ್ತಿಯಿಲ್ಲ. ಅಗ್ಗದ್ದನ್ನು ನಂಬುವ ಎದೆಯಿಲ್ಲ. ಇವೆರಡರ ನಡುವೆ ಹಾಲು ಉಸಿರು ಹಿಡಿದು ನಿಂತಿತ್ತು.

* * *

ಪರೀಕ್ಷೆಗೆ ತಂದ ಎರಡು ಬ್ಯಾಟರಿಗಳೂ ಮೂರು ವಾರ ತಣ್ಣಗೆ ದುಡಿದವು. ಅವಳು ಇನ್ನೂ ಇಪ್ಪತ್ತು ತಂದಳು. ಆ ಸಲ ಅಂಗಡಿಯವನೇ ಡಬ್ಬ ಹೊತ್ತು ಮೆಟ್ಟಿಲು ಹತ್ತಿ ಬಂದ.

"ನಿಮ್ಮ ಚಾರ್ಜರ್ ಒಂದ್ಸಲ ನೋಡಬೇಕಿತ್ತು."

"ಯಾಕೆ?"

"ಬ್ಯಾಟರಿ ಕೊಟ್ಟು ಕೈ ತೊಳಕೊಳ್ಳೋ ಅಭ್ಯಾಸ ಇಲ್ಲ."

ನೋಡಿದ. ನೋಡಿ ಹಣೆ ಒರೆಸಿಕೊಂಡ. ಕಪಾಟಿನಲ್ಲಿ ಎಲ್ಲ ಬ್ಯಾಟರಿಗಳೂ ಪೂರ್ತಿ ಚಾರ್ಜಾಗಿ ಸಾಲಾಗಿ ಕೂತಿದ್ದವು. ಸೋಮವಾರವೇ ತುಂಬಿಸಿಟ್ಟರೆ ಶನಿವಾರದ ಗದ್ದಲಕ್ಕೆ ಸಿದ್ಧವಿರುತ್ತವೆ ಎನ್ನುವುದು ಅಪ್ಪ ಹಾಕಿಕೊಟ್ಟ ಪದ್ಧತಿ.

"ಹೀಗೆ ಇಡಬಾರದು ಮೇಡಂ. ಹೊಟ್ಟೆ ತುಂಬಿಸಿ ಐದು ದಿನ ಸುಮ್ಮನೆ ಕೂರಿಸಿದ್ರೆ ಇವು ಉಬ್ಬುತ್ತವೆ. ಅರ್ಧಕ್ಕೆ ಇಳಿಸಿ ಇಡಿ. ಓಡಿಸೋ ದಿನ ಬೆಳಗ್ಗೆ ತುಂಬಿ."

'ಶುರುವಾಯ್ತು! ನೀವೇ ಸರಿಯಾಗಿ ಚಾರ್ಜ್ ಮಾಡಿಲ್ಲ ಅನ್ನೋದಕ್ಕೆ ಈಗಲೇ ಪೀಠಿಕೆ ಹಾಕ್ತಿದ್ದಾನೆ…'

ಆದರೂ ಅವನು ಹೇಳಿದಂತೆಯೇ ಮಾಡಿದಳು. ಬ್ಯಾಟರಿಗಳು ಉಬ್ಬಲಿಲ್ಲ.

ವಾರಕ್ಕೊಮ್ಮೆ ಬರತೊಡಗಿದ. ಸಡಿಲವಾದ ಪ್ಲಗ್ಗಿಗೆ ಬೆಸುಗೆ ಹಾಕುತ್ತಿದ್ದ. ಕಾರು ಮಗುಚಿದರೆ ಅವಳಿಗಿಂತ ಮೊದಲು ಓಡುತ್ತಿದ್ದ. ಒಮ್ಮೆ ಇಬ್ಬರೂ ಒಂದೇ ಕಾರಿಗೆ ಕೈ ಹಾಕಿದಾಗ ಬೆರಳು ತಾಗಿ, ಇಬ್ಬರೂ ಕೈ ಬಿಟ್ಟು, ಕಾರು ಮತ್ತೆ ಬಿತ್ತು!

"ಒಂದು ಬ್ಯಾಟರಿಗೆ ಎಷ್ಟು ಸಲ ಬಂದು ಮೈದಡವಿ ಹೋಗ್ತಾನಪ್ಪ ಈ ಮನುಷ್ಯ!" ಚಿಕ್ಕಮ್ಮ ಟಿಕೆಟ್ ಪುಸ್ತಕದ ಹಿಂದಿನಿಂದ ರಾಗ ಎಳೆದರು.

"ಸುಮ್ಮನಿರಿ ಚಿಕ್ಕಮ್ಮ."

"ನಾನೆಲ್ಲಿ ಏನಂದೆ? ಬ್ಯಾಟರಿ ವಿಷಯ ಮಾತಾಡಿದೆ ಕಣೇ."

ಒಂದೇ ಒಂದು ಸಂಗತಿ ಮುಳ್ಳಿನಂತೆ ಚುಚ್ಚುತ್ತಿತ್ತು. ಅಪ್ಪ ಕೈ ಸುಟ್ಟ ಕಥೆ ಹೇಳಿದ ದಿನ ಅವನು ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಹೋಗಿದ್ದ. ಆಮೇಲೆ ಅಪ್ಪನ ಮುಖ ನೋಡಿ ಮಾತಾಡಲೇ ಇಲ್ಲ.

'ಏನೋ ಮುಚ್ಚಿಡ್ತಿದ್ದಾನೆ… ಖಂಡಿತ!'

* * *

ಆ ಗುರುವಾರ ಅವಳು ಹೇಳದೆ ಅಂಗಡಿಗೆ ಹೋದಳು. ಭಾನುವಾರ ಒಂದು ಕಚೇರಿಯ ನಲವತ್ತು ಜನ ಇಡೀ ಹಾಲನ್ನು ಬಾಡಿಗೆಗೆ ಹಿಡಿದಿದ್ದರು, ಇನ್ನು ನಾಲ್ಕು ಬ್ಯಾಟರಿ ಬೇಕಿತ್ತು.

ಷಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದಳು.

ಅವನು ಬೆನ್ನು ಹಾಕಿ ಕೂತಿದ್ದ. ಮುಂದೆ ಬ್ಯಾಟರಿಗಳ ಗುಡ್ಡೆ. ಒಂದೊಂದನ್ನೇ ಎತ್ತಿಕೊಂಡು ಬಣ್ಣದ ಲೇಬಲ್ಲನ್ನು ಉಗುರಿನಿಂದ ಎಬ್ಬಿಸಿ ಕಿತ್ತು ಬುಟ್ಟಿಗೆ ಹಾಕುತ್ತಿದ್ದ. ಆ ಜಾಗಕ್ಕೆ ಬಿಳಿ ಲೇಬಲ್ಲು ಅಂಟಿಸುತ್ತಿದ್ದ.

ಅವಳು ಅವನ ಬೆನ್ನಿನ ಹಿಂದೆ ಬಂದು ನಿಂತಳು.

"ಹಳೇ ಸೆಲ್ಲಿಗೆ ಹೊಸ ಅಂಗಿ… ಅಲ್ವಾ?"

ಅವನು ಬೆಚ್ಚಿ ತಿರುಗಿದ.

"ನೀವು ನೋಡಿದ್ದು ನಿಜ. ಲೇಬಲ್ ತೆಗೀತೀನಿ. ಆದ್ರೆ ಸೆಲ್ಲು ಹಳೇದಲ್ಲ."

"ಹಾಗಾದ್ರೆ ಯಾಕೆ ತೆಗೀತೀರಿ? ಬಾಯಿಬಿಟ್ಟು ಹೇಳಿ!"

ಅವನು ಕೈಯಲ್ಲಿದ್ದ ಬ್ಯಾಟರಿ ಕೆಳಗಿಟ್ಟ. "ಹೇಳಿದ್ರೆ ನಿಮಗೆ ಇನ್ನೂ ಕೋಪ ಬರುತ್ತೆ."

"ಇನ್ನೂ ಬರೋಕೆ ಜಾಗ ಇಲ್ಲ ರೀ!"

ಸಂಜೆಯೊಳಗೆ ಅವನ ಬ್ಯಾಟರಿಗಳನ್ನೆಲ್ಲ ತಗಡಿನ ಡಬ್ಬಕ್ಕೆ ತುಂಬಿ ತಂದು ಅವನ ಮೇಜಿನ ಮೇಲಿಟ್ಟಳು. ಎಸೆಯಬೇಕೆಂದೇ ಬಂದಿದ್ದಳು. ಆದರೆ ಲಿಪೊವನ್ನು ಎಸೆಯಬಾರದು. ಎಷ್ಟು ಕೋಪವಿದ್ದರೂ ಮಲಗಿದ ಮಗುವನ್ನು ಇಳಿಸಿದ ಹಾಗೆ ಮೆಲ್ಲಗೆ ಇಳಿಸಿ, ಆಮೇಲೆ ಅಳುತ್ತಾ ಹೊರಟುಹೋದಳು.

* * *

ಮರುದಿನ ಬೆಳಗ್ಗೆ ಏಳನೇ ನಂಬರಿನ ಕಾರಿನಲ್ಲಿ ಒಂದು ಬ್ಯಾಟರಿ ಉಳಿದುಹೋಗಿದ್ದು ಕಂಡಿತು.

ಅವಳು ಬಿಳಿ ಲೇಬಲ್ಲನ್ನು ಕಿತ್ತಳು. ಕೆಳಗೆ ಹಳೆಯ ಲೇಬಲ್ಲಿನ ತುಂಡೊಂದು ಬಿಡದೆ ಅಂಟಿಕೊಂಡಿತ್ತು. ಅದರಲ್ಲಿ ಅಚ್ಚಾದ ಅಕ್ಷರ: ನೂರು ಸಿ. ಐದು ಸಾವಿರದ ಇನ್ನೂರು ಎಂಎಎಚ್, ಅಂದರೆ ಬ್ಯಾಟರಿ ಒಟ್ಟು ಎಷ್ಟು ಹಿಡಿಯುತ್ತದೆಂಬ ಲೆಕ್ಕ.

ಅವನ ಕೈಬರಹ: ಮೂವತ್ತೈದು ಸಿ. ನಾಲ್ಕು ಸಾವಿರದ ಆರುನೂರ ಐವತ್ತು.

"ಏನೇ ಅದು?" ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಬಂದರು. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ಇದೆಂಥ ಕಳ್ಳ ಕಣೇ ಇವನು? ತನ್ನ ಮಾಲಿಗೆ ತಾನೇ ಕಮ್ಮಿ ಮಾರ್ಕ್ಸ್ ಹಾಕ್ಕೊಂಡಿದ್ದಾನೆ!"

ಅವಳು ಬ್ಯಾಟರಿಯನ್ನು ತುಂಬಿಸಿ, ಚಾರ್ಜರಿನಲ್ಲೇ ಇರುವ ಖಾಲಿ ಮಾಡುವ ಗುಂಡಿ ಒತ್ತಿ ನಿಧಾನವಾಗಿ ಖಾಲಿ ಮಾಡಿಸಿದಳು. ಎಷ್ಟು ಹೊರಗೆ ಬಂತೆಂದು ಚಾರ್ಜರೇ ಎಣಿಸಿ ಹೇಳುತ್ತದೆ. ಮಧ್ಯಾಹ್ನದ ಊಟ ತಣ್ಣಗಾಯಿತು. ಕುರ್ಚಿ ಬಿಟ್ಟು ಏಳಲಿಲ್ಲ.

ಸಂಜೆಯ ಹೊತ್ತಿಗೆ ಚಾರ್ಜರ್ ಕೂಗಿತು. ನಾಲ್ಕು ಸಾವಿರದ ಆರುನೂರ ನಲವತ್ತೆಂಟು.

ಎರಡೇ ಎರಡು ವ್ಯತ್ಯಾಸ!

'ಒಂದೊಂದನ್ನೂ ಹೀಗೇ ಕೂತು ಅಳೆದಿದ್ದಾನೆ… ಅಳೆದು ನಿಜ ಬರೆದಿದ್ದಾನೆ. ಅದಕ್ಕೇ ಅವನ ಅಂಗಡಿ ಯಾವಾಗಲೂ ಖಾಲಿ!'

ಚಪ್ಪಲಿ ಸಹ ಸರಿಯಾಗಿ ಮೆಟ್ಟದೆ ಓಡಿದಳು.

* * *

"ಕ್ಷಮಿಸಿ," ಎಂದಳು ಏದುಸಿರು ಬಿಡುತ್ತಾ. "ನಾನು ಬಹಳ ಕೆಟ್ಟ ಮಾತಾಡಿದೆ. ನೀವು ಸುಳ್ಳು ಲೇಬಲ್ ಕಿತ್ತು ನಿಜದ್ದು ಅಂಟಿಸ್ತಿದ್ರಿ. ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

ಅವನಿಗೆ ಖುಷಿಯಾಗಬೇಕಿತ್ತು. ಅವನು ಮಾತ್ರ ಸ್ಟೂಲು ಎಳೆದು ಕುಸಿದು ಕೂತ.

"ಕ್ಷಮೆ ಕೇಳೋಕೆ ಮುಂಚೆ ಪೂರ್ತಿ ಕೇಳಿಬಿಡಿ. ಈ ನೂರು ಅನ್ನೋ ಲೇಬಲ್ ಇದೆಯಲ್ಲ… ಅಂಥದನ್ನ ಅಂಟಿಸೋ ಕಾರ್ಖಾನೇಲಿ ನಾನು ಎರಡು ವರ್ಷ ಕೆಲಸ ಮಾಡಿದ್ದೀನಿ. ಬರೋದು ಮೂವತ್ತರ ಸೆಲ್ಲು, ಒಮ್ಮೊಮ್ಮೆ ಹಳೇದೂ. ಮೇಲೆ ನೂರು ಅಂತ ಅಂಟಿಸು ಅಂದ್ರು, ಅಂಟಿಸಿದೆ. ದಿನಕ್ಕೆ ಸಾವಿರ ಬ್ಯಾಟರಿಗೆ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಅಪ್ಪನ ಬ್ಯಾಟರಿ…"

"ಗೊತ್ತಿಲ್ಲ. ನನ್ನ ಕೈಯಿಂದಲೇ ಹೋಗಿದ್ದಿರಬಹುದು, ಇಲ್ಲದೇನೂ ಇರಬಹುದು. ಅವರ ಕೈ ಸುಟ್ಟ ಕಥೆ ಕೇಳಿದ ದಿನದಿಂದ ನನಗೆ ನಿದ್ದೆ ಸರಿಯಾಗಿಲ್ಲ."

ಅವಳಿಗೆ ಕೋಪ ಬರಬೇಕಿತ್ತು. ಬಂತು ಕೂಡ. ಬುಟ್ಟಿಯಿಂದ ಬಣ್ಣದ ಲೇಬಲ್ಲೊಂದನ್ನು ಎತ್ತಿ ಚೂರು ಚೂರು ಮಾಡಿದಳು.

"ಇದನ್ನ ಹೇಳದೇ ಇದ್ರೂ ನಡೀತಿತ್ತು," ಎಂದಳು ಕೊನೆಗೆ. "ನಾನು ಕ್ಷಮೆ ಕೇಳೋಕೇ ಬಂದಿದ್ದೆ."

"ಅದಕ್ಕೇ ಹೇಳಿದೆ. ನೀವು ಕ್ಷಮೆ ಕೇಳಿ ಹೋಗಿಬಿಟ್ಟಿದ್ರೆ, ಆಮೇಲೆ ಯಾವತ್ತೂ ಹೇಳೋ ಧೈರ್ಯ ನನಗೆ ಬರ್ತಿರಲಿಲ್ಲ."

ಕೈ ಕೊಡವಿ ಹೋದವನೊಬ್ಬನನ್ನು ಅವಳು ಕಂಡಿದ್ದಳು. ತನ್ನದೋ ಅಲ್ಲವೋ ತಿಳಿಯದ ತಪ್ಪಿಗೂ ಕೈ ಚಾಚಿ ಕೂತವನು ಈಗ ಎದುರಿಗಿದ್ದ. ಇಬ್ಬರಲ್ಲಿ ಯಾರನ್ನು ಅನುಮಾನಿಸಬೇಕೆಂದು ತಿಳಿಯದಷ್ಟು ದಡ್ಡಿಯೇನಲ್ಲ ಅವಳು.

"ಏಳಿ. ಕ್ಷಮಿಸೋದು ಬಿಡೋದು ಅಪ್ಪನ ಕೆಲಸ, ನಂದಲ್ಲ. ಅವರಿಗೆ ಹೇಳಿ."

"ಒಬ್ಬನೇ ಹೋಗೋಕೆ…"

"ನಾನು ಪಕ್ಕದಲ್ಲಿರ್ತೀನಿ."

* * *

ಅಪ್ಪ ಪೂರ್ತಿ ಕೇಳಿದರು. ಮಡಚದ ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಗೋಡೆ ನೋಡುತ್ತಾ. ಚಿಕ್ಕಮ್ಮ ಕೂಡ ತುಟಿ ಬಿಚ್ಚಲಿಲ್ಲ, ಅದೇ ಒಂದು ದೊಡ್ಡ ಸಂಗತಿ.

"ಅವತ್ತು ಅದನ್ನ ಚಾರ್ಜಿಗೆ ಹಾಕಿ ಹೊರಗೆ ಹೋಗಿದ್ದು ನಾನು," ಎಂದರು ಅಪ್ಪ. "ಮಗಳಿಗೂ ಹೇಳಿರಲಿಲ್ಲ. ನೂರು ಅಂತ ಬರೆದಿದೆಯಲ್ಲ, ಗಟ್ಟಿ ಮಾಲು, ಏನಾಗುತ್ತೆ ಅಂದ್ಕೊಂಡೆ. ವಾಪಸ್ ಬರೋಷ್ಟರಲ್ಲಿ ಹೊತ್ಕೊಂಡಿತ್ತು." ಆಮೇಲೆ ಅವನತ್ತ ತಿರುಗಿ, "ನಿನ್ನ ಮೇಲೆ ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ ಕಣಪ್ಪ. ಇದೆ. ಇಳಿಯೋಕೆ ಟೈಮ್ ಬೇಕು. ಅಲ್ಲೀವರೆಗೆ ಭಾನುವಾರದ ಬ್ಯಾಟರಿ ಯಾರು ನೋಡ್ಕೋತಾರೆ?"

"ನಾನು," ಎಂದ ಅವನು.

ಭಾನುವಾರ ನಲವತ್ತು ಜನ ಬಂದರು. ಬೆಳಗಿನಿಂದ ಕಾರುಗಳು ಓಡಿದವು, ಗುದ್ದಿದವು, ಮಗುಚಿದವು. ಕಟ್ಟಡದ ಮಾಲೀಕ ಮೂರು ಸಲ ಮೇಲೆ ಬಂದು ಮೂಗರಳಿಸಿ ನೋಡಿದ. ಹೊಗೆ ಸಿಗದೆ ನಾಲ್ಕನೇ ಸಲ ತಾನೇ ಟಿಕೆಟ್ ತೆಗೆದುಕೊಂಡು ಒಂದು ಕಾರು ಓಡಿಸಿದ!

ಎಲ್ಲರೂ ಹೋದ ಮೇಲೆ ಇಬ್ಬರೇ ಚಾರ್ಜರುಗಳ ಮುಂದೆ ಕಾರ್ಪೆಟ್ಟಿನ ಮೇಲೆ ಕೂತರು. ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು.

"ಒಂದು ನಿಜ ಹೇಳ್ಲಾ?" ಎಂದಳು. "ಎರಡು ವರ್ಷದಿಂದ ಅನುಮಾನ ಪಡೋದೇ ನನ್ನ ಕೆಲಸ ಆಗಿಬಿಟ್ಟಿದೆ. ನಿಮ್ಮ ವಿಷಯದಲ್ಲಿ ಅದು ನಿಂತುಹೋಗಿದೆ. ಖಾಲಿ ಖಾಲಿ ಅನ್ನಿಸ್ತಿದೆ… ಭಯಾನೂ ಆಗ್ತಿದೆ."

ಅವನು ಮೆಲ್ಲಗೆ ಅವಳ ಕಡೆ ತಿರುಗಿದ.

"ನಿಲ್ಲಿಸಲೇಬೇಕು ಅಂತ ಯಾರು ಹೇಳಿದ್ರು? ಬೇಕಾದಾಗ ಅನುಮಾನ ಪಡಿ. ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತೀನಿ. ಜೀವನಪೂರ್ತಿ ಹೇಳ್ತೀನಿ… ನೀವು ಹೂಂ ಅಂದ್ರೆ."

ಅವಳ ಕಣ್ಣು ತುಂಬಿತು. ಆದರೆ ಹುಬ್ಬು ಮಾತ್ರ ಗಂಟಿಕ್ಕಿಯೇ ಇತ್ತು.

"ಹಾಗಾದ್ರೆ ಈಗಲೇ ಒಂದು ಕೇಳ್ತೀನಿ. ವಾರ ವಾರ ಬರ್ತಿದ್ರಲ್ಲ, ನಿಜವಾಗ್ಲೂ ಪ್ಲಗ್ಗಿಗೆ ಬೆಸುಗೆ ಹಾಕೋಕೇನಾ?"

ಅವನು ತಲೆ ತಗ್ಗಿಸಿ ನಕ್ಕ.

"ಮೊದಲನೇ ವಾರ ಹೌದು."