ಹೊಸ್ತಿಲ ಮೇಲೆ ಆಡಿದ ಮಾತು

"ಎಲ್ಲಾ ಸರಿ ಡಾಕ್ಟ್ರೇ, ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ," ಎಂದಿತು ಫೋನಿನೊಳಗಿನ ಹೆಂಗಸಿನ ದನಿ. "ರಿಸೆಪ್ಶನ್ ಬಾಗಿಲಲ್ಲಿ ಒಂದು ಹಳೇ ಹೊಸ್ತಿಲಿದೆ. ಅದರ ಮೇಲೆ ನಿಂತ್ಕೊಂಡು ನಿಮ್ಮವರನ್ನ ನಮ್ಮವರಲ್ಲ ಅನ್ನಬೇಡಿ. ತಮಾಷೆಗೂ ಅನ್ನಬೇಡಿ."

ಹಲ್ಲಿನ ಡಾಕ್ಟರ್ ಮನೆಮಂದಿಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿದ್ದ. ಬೆಟ್ಟದ ಮೇಲಿನ ರೆಸಾರ್ಟೊಂದರಲ್ಲಿ ವರ್ಷಕ್ಕೊಂದು ವಾರ ತಂಗುವ ಹಕ್ಕು ಅವನದು. ನಡುಗಡ್ಡೆಯ ರೆಸಾರ್ಟಿನಲ್ಲಿ ಅಂಥದೇ ಒಂದು ವಾರ ಆ ಹೆಂಗಸಿನದು. ಈ ಸಲ ಎರಡೂ ರೆಸಾರ್ಟುಗಳನ್ನು ನಡೆಸುವ ಕ್ಲಬ್ಬಿನವರು ಇಬ್ಬರ ವಾರವನ್ನೂ ಅದಲುಬದಲು ಮಾಡಿಕೊಟ್ಟಿದ್ದರು.

"ಅಂದ್ರೆ ಏನಾಗುತ್ತೆ ಮೇಡಂ? ಹೊಸ್ತಿಲು ಎದ್ದು ಬಂದು ಕಚ್ಚುತ್ತಾ? ಕಚ್ಚಿದ್ರೆ ಹಲ್ಲು ಕೀಳೋಕೆ ನಾನಿದೀನಲ್ಲ!"

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಗಳು ಚಿನ್ನಿ, ಏನೂ ಅರ್ಥವಾಗದಿದ್ದರೂ, ಅಪ್ಪ ನಕ್ಕನೆಂದು ತಾನೂ ಕುಣಿದು ನಕ್ಕಳು. ಮೂಲೆಯಲ್ಲಿ ಮೊಮ್ಮಗಳ ಬಟ್ಟೆ ಮಡಿಸುತ್ತಿದ್ದ ಅಮ್ಮನೊಬ್ಬಳೇ ನಗಲಿಲ್ಲ.

"ಹಾಗೆಲ್ಲ ಆಡ್ಬಾರ್ದು ಕಂದಾ. ಹೊಸ್ತಿಲು ಅಂದ್ರೆ ಮನೆಯ ಕಿವಿ ಕಣೋ."

ಫೋನಿನ ಆಚೆಯಿಂದ ಗಂಡಸಿನ ದನಿಯೊಂದು ಕೇಳಿಸಿತು. "ಅಮ್ಮಾವ್ರೇ, ಗೇಟು ಹಾಕ್ಲಾ?" "ಹಾಕಣ್ಣ" ಎನ್ನುವಾಗ ಹೆಂಗಸಿನ ದನಿ ಒಡೆದಂತಿತ್ತು. ಮತ್ತೇನೂ ಹೇಳದೆ ಫೋನಿಟ್ಟಳು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ ಹಿರಿಯರು. ಒಲೆಯ ತೂತಿಗೆ ಮಣ್ಣು ಮೆತ್ತಬಹುದು. ಮಾತಿಗೆ ಏನು ಮೆತ್ತುವುದು?

ನಡುಗಡ್ಡೆಯಲ್ಲಿ ದೋಣಿ ಇಳಿದಾಗ ಮಧ್ಯಾಹ್ನದ ಬಿಸಿಲಿಗೆ ಮರಳು ಹೆಂಚಿನಂತೆ ಕಾದಿತ್ತು. ಅಮ್ಮನ ಚಪ್ಪಲಿಯ ಉಂಗುಷ್ಠ ಕಿತ್ತು ಹೋಗಿ, ಅವಳು ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕುಪ್ಪಳಿಸುತ್ತ ಬಂದಳು. ಹೆಗಲ ಮೇಲೆ ಹೊಲಿಗೆ ಬಿಚ್ಚಿದ ಶಾಲು, ಕಂಕುಳಲ್ಲಿ ಬಟ್ಟೆಯ ಗಂಟು. ಸೂಟ್‌ಕೇಸ್ ಕೊಡಿಸಿದರೆ "ಗಂಟು ಇದ್ರೆ ತಲೆದಿಂಬೂ ಆಗುತ್ತೆ" ಎಂದಿದ್ದಳು.

ಆ ಬರಿಗಾಲು ಕಂಡಾಗಲೆಲ್ಲ, ಯಾರಾದರೂ ನೋಡಿದರೇನೋ ಎಂದು ಅವನು ಸುತ್ತ ಕಣ್ಣಾಡಿಸುತ್ತಿದ್ದ. ಅಮ್ಮ ದೊಡ್ಡ ಮನೆಯೊಂದರಲ್ಲಿ ಆಯಾ ಆಗಿದ್ದವಳು. ಕಂಡವರ ಮಕ್ಕಳಿಗೆ ತುತ್ತಿಟ್ಟು, ಅವರ ಹೇಲು ಉಚ್ಚೆ ಬಳಿದು, ಅದರಿಂದ ಬಂದದ್ದರಲ್ಲಿ ಮಗನನ್ನು ಓದಿಸಿದವಳು. ಸಂಜೆ ಯಜಮಾನಿ ಬಿಟ್ಟ ಮೇಲೆ ಶಾಲಿನ ತುದಿಗೆ ಅರ್ಧ ಬನ್ನು ಕಟ್ಟಿಕೊಂಡು ಓಡೋಡಿ ಬರುತ್ತಿದ್ದಳು. ಬೀದಿದೀಪದ ಕೆಳಗೆ ಕೂತು ಕಾಯುತ್ತಿದ್ದ ಮಗನಿಗೆ ಆ ಬನ್ನೇ ಹಬ್ಬ. ಆ ಮಗ ಈಗ ಡಾಕ್ಟರ್. ಗುರುತಿನವರಿಗೆಲ್ಲ "ನಮ್ಮ ತಾಯಿ ಟೀಚರ್ ಆಗಿದ್ರು" ಎನ್ನುತ್ತಿದ್ದ.

ರಿಸೆಪ್ಶನ್ನಿನ ಗಾಜಿನ ಬಾಗಿಲ ಬುಡದಲ್ಲಿ ಆ ಹೊಸ್ತಿಲಿತ್ತು. ಹೊಸ ಕಟ್ಟಡಕ್ಕೆ ಹೊಂದದ ಕಪ್ಪು ಮರದ ದಿಮ್ಮಿ. ಮೇಲೆಲ್ಲ ಮೊಳೆಯ ತಲೆಗಳು. ಮೊಳೆಯಿಂದ ಮೊಳೆಗೆ ನರೆತ ನೂಲಿನಂಥದೇನೋ ಸುತ್ತಿ, ಮೇಲೆ ಪಾಲಿಶ್ ಬಳಿದಿದ್ದರು. ಒಳಗಿನ ತಂಪು ಗಾಳಿಯಲ್ಲಿ ನಿಂಬೆಯ ಪರಿಮಳ. ಅದರಡಿಯಲ್ಲಿ ತೆಳ್ಳಗೆ ಇನ್ನೊಂದು ವಾಸನೆ. ಸುಟ್ಟ ಕೂದಲಿನದು.

ಮ್ಯಾನೇಜರ್ ಬಾಗಿಲಿಗೇ ಬಂದು ನಮಸ್ಕರಿಸಿದ. ಪಕ್ಕದಲ್ಲಿ, ಆಗಷ್ಟೇ ಬಂದಿಳಿದ ಮಿರಿಮಿರಿ ಮಿಂಚುವ ದಂಪತಿಯೊಂದು ತಂಪು ಪಾನೀಯ ಹೀರುತ್ತ ನಿಂತಿತ್ತು. ಆ ಹೆಂಗಸಿನ ಕಣ್ಣು ಅಮ್ಮನ ಕಾಲಿನಿಂದ ಗಂಟಿಗೆ, ಗಂಟಿನಿಂದ ಡಾಕ್ಟರನ ಮುಖಕ್ಕೆ ಹತ್ತಿತು.

"ಇವರು ಸಾರ್...?" ಎಂದ ಮ್ಯಾನೇಜರ್.

ಡಾಕ್ಟರ್ ಹೊಸ್ತಿಲ ಮೇಲೆ ನಿಂತಿದ್ದ. ಕಿವಿ ಬಿಸಿಯಾಯಿತು. ನಾಲಿಗೆ ತಾನಾಗಿ ಹೊರಳಿತು.

"ನಮ್ಮವರಲ್ಲ. ಮಗು ನೋಡ್ಕೊಳ್ಳೋ ಆಯಾ."

ಕಾಲಡಿಯಲ್ಲಿ ಮರ ಕಿರ್ರೆಂದಿತು. ಯಾರೋ ಬಹಳ ಹೊತ್ತು ಕಟ್ಟಿದ ಉಸಿರನ್ನು ಬಿಟ್ಟ ಹಾಗೆ.

ಅಮ್ಮ ಅವನನ್ನೊಮ್ಮೆ ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ. ಗಂಟನ್ನು ತಲೆಯ ಮೇಲಿಟ್ಟು, ಎರಡು ಕೈಯಲ್ಲೂ ಸೂಟ್‌ಕೇಸ್ ಎತ್ತಿಕೊಂಡು ಹಿಂದೆ ನಡೆದಳು.

"ಏನ್ರೀ ಅದು, ಅತ್ತೇನ ಆಯಾ ಅಂದ್ರಲ್ಲ!" ಕೋಣೆಯಲ್ಲಿ ಹೆಂಡತಿ ಮುಖ ಕೆಂಪಗೆ ಮಾಡಿಕೊಂಡಳು. "ನಾಚಿಕೆ ಆಗ್ಲಿಲ್ವಾ ನಿಮಗೆ?"

"ಒಂದು ವಾರದ ಮಾತು. ಅಮ್ಮ ಏನೂ ಅಂದ್ಕೊಳ್ಳಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಅಮ್ಮನಿಗೆ ಅಡುಗೆಮನೆಯ ಪಕ್ಕದ, ಕಿಟಕಿಯಿಲ್ಲದ ಕೋಣೆ ಕೊಟ್ಟಿದ್ದರು. ಮರುದಿನ ತಿಂಡಿಗೆ ಕರೆದರೆ ಅವಳು ಮೇಜಿಗೆ ಬರಲಿಲ್ಲ. ಗೋಡೆಗೊರಗಿ ನಿಂತು, ಚಿನ್ನಿ ತಿಂದು ಬಿಟ್ಟದ್ದನ್ನು ತಟ್ಟೆಗೆ ಬಳಿದುಕೊಂಡಳು. ಹೆಂಡತಿ ಬಲವಂತ ಮಾಡಿದಳು. ಅದರ ಮರುದಿನ ಬಲವಂತ ಮಾಡಲಿಲ್ಲ. ಆಮೇಲೊಂದು ಸಂಜೆ ಅವಳೇ, ಪತ್ರಿಕೆಯಿಂದ ತಲೆಯೆತ್ತದೆ, "ಆಯಾ, ಮಗೂಗೆ ಸ್ನಾನ ಆಯ್ತಾ?" ಎಂದಳು.

ಡಾಕ್ಟರ್ ಲೋಟ ಕೆಳಗಿಟ್ಟ. "ಏನಂದೆ?"

"ಯಾಕ್ರೀ? ಆಯಾನ ಕೇಳ್ದೆ."

"ಆಯಾ, ನೀರು!" ಎಂದು ಒಳಗಿಂದ ಚಿನ್ನಿ ಕೂಗಿದಳು. ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದ ಮಗು.

ಅವನು ಓಡಿಹೋಗಿ ಆ ಕಿಟಕಿಯಿಲ್ಲದ ಕೋಣೆಯ ಬಾಗಿಲಲ್ಲಿ ನಿಂತ. ಕೊಳೆತ ಪಾಚಿಯ ವಾಸನೆ ಮೂಗಿಗೆ ಹೊಡೆಯಿತು. ನೆಲದ ಮೇಲೆ ಒದ್ದೆ ಹೆಜ್ಜೆಗಳು. ಅಮ್ಮನವಲ್ಲ. ಇನ್ನೂ ಚಿಕ್ಕವು, ಇನ್ನೂ ಮುದಿಯವು. ಹಾಸಿಗೆಯ ಸುತ್ತ ತಿರುತಿರುಗಿ ಬಂದಿದ್ದವು.

ಕರೆಯಲು ಬಾಯಿ ತೆರೆದ. ಅ... ಎಂದು ನಾಲಿಗೆ ಅಲ್ಲೇ ಗಂಟುಬಿತ್ತು. ಅಮ್ಮ ತಿರುಗಿ, ಕೈ ಕಟ್ಟಿ ನಿಂತು, "ಹೇಳಿ ಸಾರ್" ಎಂದಳು.

ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಎಲ್ಲಿಗೆ ಹೋದರೂ ಬ್ಯಾಗಿನಲ್ಲಿರುತ್ತಿದ್ದ, ಊರವರ ಬಾಯೊಳಗೆಲ್ಲ ಇಣುಕಿದ್ದ ಚಿಕ್ಕ ಕನ್ನಡಿಯನ್ನು ತನ್ನ ಬಾಯಿಗೇ ಹಿಡಿದ. ನಾಲಿಗೆಯ ಬುಡಕ್ಕೆ ಕೂದಲು ಸುತ್ತಿತ್ತು. ನರೆತದ್ದು, ಒದ್ದೆಯದು, ಬಿಗಿಯಾಗಿ. ಚಿಮಟದಲ್ಲಿ ಹಿಡಿದು ಎಳೆದ. ಬಂತು. ಇನ್ನೂ ಎಳೆದ. ಬರುತ್ತಲೇ ಇತ್ತು. ಮೊಳದುದ್ದ, ಮಾರುದ್ದ. ಉಪ್ಪಿನ ರುಚಿ. ಗಂಟಲ ಆಳದಲ್ಲೆಲ್ಲೋ ಒಂದು ಮೊಳೆ ಅಲುಗಿದ ಹಾಗಾಯಿತು. ವಾಂತಿ ಬಂದು ಕುಸಿದು ಕೂತ.

ವಾರ ಬದಲಿಸಿಕೊಂಡ ಆ ಹೆಂಗಸಿಗೆ ಫೋನು ಮಾಡಿದ.

"ಅಂದುಬಿಟ್ರಾ?" ಎಂದಳು ಅವಳು, ಎತ್ತಿದೊಡನೆ. "ಯಾರನ್ನ?"

ಅವನಿಗೆ ಹೇಳಲಾಗಲಿಲ್ಲ. ಅತ್ತ. ಆ ಅಳುವಿನಲ್ಲೇ ಅವಳಿಗೆ ತಿಳಿಯಿತು.

"ಆ ಜಾಗದಲ್ಲಿ ಒಬ್ಬ ಮುದುಕಿಯ ಗುಡಿಸಲಿತ್ತಂತೆ ಡಾಕ್ಟ್ರೇ. ಜಾಗ ಕೊಳ್ಳೋಕೆ ದೊಡ್ಡೋರು ಬಂದಾಗ, 'ಇವಳು ಯಾರು' ಅಂತ ಕೇಳಿದ್ರೆ, ಅವಳ ಮಗ 'ಯಾರೋ ಕಸ ಗುಡಿಸೋಳು' ಅಂದ್ನಂತೆ. ಮುದುಕಿಗೆ ಮಾಟ ಬರ್ತಿತ್ತು. ತಲೆಗೂದಲು ಕಿತ್ತು ಕಿತ್ತು ಹೊಸ್ತಿಲಿಗೆ ಸುತ್ತಿ ಮೊಳೆ ಹೊಡೆದ್ಲು. 'ಇಲ್ಲಿ ತಮ್ಮವರನ್ನ ಅಲ್ಲ ಅನ್ನೋರ ಮಾತು ನಿಜವಾಗ್ಲಿ, ಬೇಡವಾದೋರೆಲ್ಲ ನನಗಿರ್ಲಿ' ಅಂತ ಸಮುದ್ರಕ್ಕೆ ನಡೆದುಬಿಟ್ಲು."

"ನೀ... ನೀವು?"

"ನಮ್ಮ ಗೇಟು ಹಾಕೋನು ನನ್ನ ಒಡಹುಟ್ಟಿದ ಅಣ್ಣ. ಬುದ್ಧಿ ಸ್ವಲ್ಪ ನಿಧಾನ. ಅಲ್ಲಿಗೆ ಹೋದಾಗ ಅವನನ್ನ ಡ್ರೈವರ್ ಅಂದಿದ್ದೆ." ಅವಳ ಉಸಿರು ಭಾರವಾಯಿತು. "ಕೇಳಿ. ಅದೇ ಹೊಸ್ತಿಲ ಮೇಲೆ ನಿಂತು, ಯಾರ ಎದುರಿಗೆ ಅಂದ್ರೋ ಅವರೆದುರಿಗೇ ಗಟ್ಟಿಯಾಗಿ ಒಪ್ಕೊಳ್ಳಿ. ಯಾರು, ಯಾಕೆ ಅಲ್ಲ ಅಂದ್ರಿ, ಎಲ್ಲಾ. ನಾಚಿಕೇನ ಪೂರ್ತಿ ನುಂಗಬೇಕು. ಅರ್ಧ ಹೇಳಿದ್ರೆ ಅರ್ಧಾನೇ ವಾಪಸ್ಸು ಬರೋದು. ನಾನು ಅರ್ಧ ಹೇಳ್ದೆ."

ಹೊರಬಂದಾಗ ಹೊತ್ತು ಮುಳುಗುತ್ತಿತ್ತು. ಕಿಟಕಿಯಿಲ್ಲದ ಕೋಣೆ ಖಾಲಿ. ಒದ್ದೆ ಹೆಜ್ಜೆಗಳು ಜೋಡಿಯಾಗಿ ಮರಳಿನ ಕಡೆಗೆ ಹೋಗಿದ್ದವು.

ನೀರಿನ ಅಂಚಿನಲ್ಲಿ ಅಮ್ಮ ನಡೆಯುತ್ತಿದ್ದಳು. ಅವಳ ಮುಂದೆ, ಅಲೆಯೊಳಗೆ, ಬೋಳುತಲೆಯ ಕುಳ್ಳ ಆಕಾರವೊಂದು ಕೈಬೀಸುತ್ತಿತ್ತು. ಗಾಳಿಯಲ್ಲಿ ಮೆಲ್ಲನೆಯ ದನಿ. "ಯಾರಿಗೂ ಬೇಡಾದವಳೇ, ಬಾರೇ... ನನಗೆ ಬೇಕು, ಬಾರೇ..."

ಓಡಿಹೋಗಿ ಅಮ್ಮನ ಕೈ ಹಿಡಿದ. ಒದ್ದೆ ಕೂದಲಿನಂತೆ ಜಾರಿತು. ಮತ್ತೆ ಹಿಡಿದ. ಮತ್ತೆ ಜಾರಿತು.

"ಬಿಡಿ ಸಾರ್, ಕರೀತಿದಾರೆ," ಎಂದಳು. ಮೊಣಕಾಲಿನವರೆಗೆ ನೀರು.

ತಿರುಗಿ ಓಡಿದ. ಹೊಸ್ತಿಲು. ಗಾಜಿನ ಬಾಗಿಲು ದೂಡಿದ. ಒಳಗೆ ಸಂಜೆಯ ಸಂಗೀತ, ನಗು, ಗ್ಲಾಸಿನ ಕಿಣಿಕಿಣಿ. ಮ್ಯಾನೇಜರ್ ಇದ್ದ. ಮಿಂಚುವ ದಂಪತಿ ಇತ್ತು. ಹೆಂಡತಿ, ಚಿನ್ನಿ. ಅವನು ಮೊಳೆಗಳ ಮೇಲೆ ಬರಿಗಾಲಲ್ಲಿ ನಿಂತ.

"ಕೇಳಿ!"

ಫಕ್ಕನೆ ದೀಪಗಳು ಆರಿದವು. ಸಂಗೀತ ನಿಂತಿತು. ಕತ್ತಲಲ್ಲಿ ಎಲ್ಲರ ಕಣ್ಣು ಅವನ ಮೇಲೆ. ಸುಟ್ಟ ಕೂದಲಿನ ವಾಸನೆ ಗವ್ವೆಂದು ಎದ್ದಿತು.

"ಆ ಆಯಾ... ಅವರು ನಮ್ಮ ಮನೆಯವರು."

ತಿರುಗಿ ನೋಡಿದ. ನೀರು ಅವಳ ಸೊಂಟಕ್ಕೆ.

"ಸಂಬಂಧಿ. ದೂರದ..."

ಎದೆಗೆ. ಅಯ್ಯೋ, ಜೀವ ಹೋಗುವಾಗಲೂ ಮನುಷ್ಯ ಮರ್ಯಾದೆಯ ಚಿಂದಿ ಹುಡುಕುತ್ತಾನೆ! ಶಾಲು ತೇಲಿತು. ಬೋಳುತಲೆ ಮುಳುಗಿತು. ಅಮ್ಮನ ಕುತ್ತಿಗೆಗೆ ನೀರು. ಇನ್ನೊಂದು ಅಲೆ. ಒಂದೇ ಅಲೆ.

"ಅಮ್ಮ! ನನ್ನ ಅಮ್ಮ ಅವಳು! ಹೆತ್ತ ಅಮ್ಮ!"

ನಾಲಿಗೆಯ ಬುಡದಲ್ಲಿ ಏನೋ ಹರಿಯಿತು. ಬಾಯಿ ತುಂಬ ರಕ್ತ. ಅಲೆ ಹಿಂದೆ ಸರಿಯಿತು. ಅಮ್ಮ ನಿಂತಳು. ಬೆಚ್ಚಿ ಸುತ್ತ ನೋಡಿದಳು.

ಇನ್ನೂ ಇತ್ತು ಹೇಳುವುದು. ಆಯಾ ಕೆಲಸ ಮಾಡಿ ಸಾಕಿದಳು, ಅದಕ್ಕೇ ನಾಚಿ ಸುಳ್ಳು ಹೇಳಿದೆ ಎನ್ನುವುದು. ಬಾಯಿ ತೆರೆದಿತ್ತು. ಅಷ್ಟರಲ್ಲಿ ಕತ್ತಲಿನಿಂದ ಆ ಮಿಂಚುವ ಹೆಂಗಸಿನ ಪಿಸುಮಾತು, "ಛೇ, ತಾಯೀನ ಆಯಾ ಅಂದ್ನಾ!" ಯಾರೋ ಕಿಸಕ್ಕನೆ ನಕ್ಕರು.

ಊರವರ ಬಾಯಿ ತೆರೆಸಿ ಬದುಕಿದವನು ಬಾಯಿ ಮುಚ್ಚಿಕೊಂಡ. ಉಳಿದ ಮಾತನ್ನು ರಕ್ತದೊಂದಿಗೆ ನುಂಗಿದ. ಅಮ್ಮ ಬದುಕಿದಳಲ್ಲ, ಸಾಕು ಎಂದುಕೊಂಡ.

ದೀಪ ಬಂತು. "ಅಯ್ಯೋ ಅತ್ತೇ!" ಎಂದು ಹೆಂಡತಿ ಚೀರಿ ಓಡಿದಳು. "ಅಜ್ಜೀ!" ಎನ್ನುತ್ತ ಚಿನ್ನಿ ಅವಳ ಹಿಂದೆ. ಅಂಗೈಗೆ ಉಗಿದು ನೋಡಿದರೆ ನರೆತ ಕೂದಲಿನ ತುಂಡು. ಅರ್ಧ.

ಮರುದಿನ ಉಳಿದದ್ದನ್ನು ಹೇಳೋಣವೆಂದರೆ ಆ ಮಿಂಚುವ ದಂಪತಿ ಆಗಲೇ ಹೊರಟುಹೋಗಿತ್ತು. ಮನೆಗೆ ಬಂದು ಎಷ್ಟೋ ದಿನಗಳಾದವು. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಸೊಸೆ "ಅತ್ತೆ" ಎಂದರೆ, ಮೊಮ್ಮಗಳು "ಅಜ್ಜಿ" ಎಂದರೆ, ದೊಡ್ಡ ಮನೆಯವರ ದೊಡ್ಡ ಗುಣವೆಂದು ಸಂಕೋಚದಿಂದ ನಗುತ್ತಾಳೆ. ಮಂಚ ಕೊಟ್ಟರೆ ಒಲ್ಲೆ ಎನ್ನುತ್ತಾಳೆ. ಮಗ ಕಾಲಿಗೆ ಬಿದ್ದರೆ ಗಾಬರಿಯಿಂದ ಹಿಂದೆ ಸರಿಯುತ್ತಾಳೆ.

ಹಾಗಿರುವಾಗ ಒಂದು ಸಂಜೆ ಕ್ಲಬ್ಬಿನ ಸದಸ್ಯನೊಬ್ಬನ ಫೋನು ಬಂತು. ಆ ನಡುಗಡ್ಡೆಗೆ ತಾನು ಹೊರಟಿದ್ದೇನೆ, ಜಾಗ ಹೇಗಿದೆ ಎಂದು ವಿಚಾರಿಸಿದ. ಡಾಕ್ಟರ್ ಹೊಸ್ತಿಲಿನ ಮಾತು ಎತ್ತಿದ. ಆಚೆಯವನು ಹೋ ಎಂದು ನಕ್ಕ.

"ಸಾರ್, ಟೀ ಇಟ್ಟಿದೀನಿ," ಎಂದಿತು ಬಾಗಿಲ ಬಳಿಯ ದನಿ.

"ಯಾರ್ರೀ ಅದು, ನಿಮ್ಮ ಕೆಲಸದವರಾ?"

ಡಾಕ್ಟರ್ ಎದ್ದು ನಿಂತ. "ಅಲ್ಲ," ಎಂದ. ಈ ಸಲ ನಾಲಿಗೆ ತಡೆಯಲಿಲ್ಲ. "ನನ್ನ ಅಮ್ಮ. ಟೀಚರ್ ಅಲ್ಲ, ಆಯಾ ಆಗಿದ್ದಳು. ಕಂಡವರ ಮಕ್ಕಳ ಹೇಲು ಬಳಿದು ನನ್ನ ಡಾಕ್ಟರ್ ಮಾಡಿದ್ಲು. ಆ ಹೊಸ್ತಿಲ ಮೇಲೆ ನಿಂತು ಅವಳನ್ನ ನಮ್ಮವಳಲ್ಲ ಅಂದೆ. ನಾಚಿಕೆಗೆ ಅಂದೆ. ನನ್ನಂಥ ಪಾಪಿ ಇಲ್ಲ." ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

ಆಚೆಯವನು ಯಾವಾಗಲೋ ಫೋನಿಟ್ಟಿದ್ದ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಅಮ್ಮನ ಕಣ್ಣು ತುಂಬಿತ್ತು. ಅವಳ ಶಾಲಿನ ತುದಿಯಲ್ಲಿ ಅರ್ಧ ಬನ್ನಿನ ಗಂಟಿತ್ತು.

"ಪುಣ್ಯವಂತೆ ಸಾರ್ ನಿಮ್ಮ ತಾಯಿ," ಎಂದಳು. "ಮಗ ಅಂದ್ರೆ ಹೀಗಿರಬೇಕು."

ಕಣ್ಣೊರೆಸಿಕೊಂಡು, ಕಿಟಕಿಯಾಚೆ ಬೀದಿದೀಪ ಹತ್ತಿದ್ದನ್ನು ನೋಡಿ ಚಡಪಡಿಸಿದಳು.

"ಹೊತ್ತಾಯ್ತು ಸಾರ್, ನಾನು ಹೊರಡ್ಲಾ? ನನ್ನ ಮಗ ಒಬ್ನೇ ಕಾಯ್ತಿರ್ತಾನೆ."