ಮೊಮ್ಮಗಳ ಮೇಲೆ ಹೊರಿಸಿದ್ದು

"ಇಷ್ಟು ದೊಡ್ಡ ಕತ್ತೆ ಆಗಿದೀಯ, ನಾಚಿಕೆ ಆಗಲ್ವಾ?"

ಸೊಸೆ ಒದ್ದೆ ಹಾಸಿಗೆಯ ಮೂಲೆ ಹಿಡಿದೆತ್ತಿ ಕೂಗಿದಾಗ ಮಾವ ಮೊಣಕಾಲಿನ ಮೇಲೆ ಹೊದಿಕೆ ಎಳೆದುಕೊಂಡು, ಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಪಕ್ಕದಲ್ಲೇ ಮಲಗುವ ಮೊಮ್ಮಗಳು, ಮನೆಯವರೆಲ್ಲ ಚಿನಕುರುಳಿ ಎಂದು ಕರೆಯುವ ಬಾಯಿಬಡುಕಿ, ಈಗ ಒಂದೇ ಮಾತು ಹೇಳಿದಳು.

"ನಾನಲ್ಲಮ್ಮ."

"ನೀನಲ್ದೆ ಇನ್ಯಾರು, ತಾತಾನಾ?"

ಹೌದು, ತಾತನೇ! ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಕೊಡುವಾಗ ಬಾಟಲಿಗಟ್ಟಲೆ ಡ್ರಿಪ್ ಹಾಕಿ, ಮೂತ್ರ ಹೋಗಲು ಔಷಧಿಯನ್ನೂ ಕೊಟ್ಟು, ಮನೆಯಲ್ಲೂ ಚೆನ್ನಾಗಿ ನೀರು ಕುಡಿಯಿರಿ, ಇಲ್ಲದಿದ್ದರೆ ಕಿಡ್ನಿ ಹಾಳಾಗುತ್ತದೆ ಎಂದಿದ್ದರು ಡಾಕ್ಟರು. ಕುಡಿದರು. ವಾಂತಿ ಮಾಡಿ ಮಾಡಿ ಸುಸ್ತಾದ ಮೈ, ಜೋಮು ಹಿಡಿದ ಕಾಲು... ಬಚ್ಚಲಿನ ತನಕ ಹೋಗುವ ತ್ರಾಣ ಎಲ್ಲಿಂದ ಬರಬೇಕು? ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ ಬಿಡಿ. ತಪ್ಪು ಇದ್ದದ್ದು ಬಾಯಿ ಮುಚ್ಚಿ ಕೂತದ್ದರಲ್ಲಿ. ಆದರೆ ಹೇಳುವುದಾದರೂ ಯಾರಿಗೆ? ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಸೊಸೆ ತೊಳೆದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು, "ಶುಚಿ ಅಂದ್ರೇನು ಅಂತ ನಿಮ್ಮಮ್ಮ ಕಲಿಸಿಲ್ವಾ?" ಎಂದು ನಾಲ್ಕು ಜನರ ಮುಂದೆ ಅವಳನ್ನು ಅಳಿಸಿದ್ದ ಹೆಡ್‌ಮಾಸ್ಟರು ಅವರು.

"ಹೋಗ್ಲಿ ಬಿಡಮ್ಮ, ಚಿಕ್ಕದು," ಎಂದರು, ದೊಡ್ಡ ಮನಸ್ಸು ಮಾಡಿದವರಂತೆ.

"ಮಾಡಿದ್ದಲ್ದೆ ಸುಳ್ಳು ಬೇರೆ ಹೇಳ್ತಾಳಲ್ಲ ಮಾವ!" ಫಟೀರನೆ ಮಗುವಿನ ಕೆನ್ನೆಗೆ ಬಿತ್ತು.

ಚಿನಕುರುಳಿ ಅಳಲಿಲ್ಲ. ತಾತನ ಹತ್ತಿರ ಸರಿದು ಕಿವಿಯಲ್ಲಿ ಕೇಳಿದಳು, "ತಾತ, ನಾನೇ ಅಂತ ಹೇಳ್ಬಿಡ್ಲಾ?"

ಛೀ, ಇಷ್ಟಕ್ಕೆ ಇಳಿದೆನೇ ನಾನು... ಹೆಡ್‌ಮಾಸ್ಟರು ಹೊದಿಕೆ ಸರಿಸಿದರು. ಪೈಜಾಮ ಮೊಣಕಾಲಿನವರೆಗೂ ಒದ್ದೆಯಾಗಿತ್ತು.

"ಮಗು ಅಲ್ಲಮ್ಮ... ನಾನು. ಮೊನ್ನೆಯದೂ ನಾನೇ. ನಿನ್ನ ಕೈಲಿ ಇದನ್ನ ಒಗೆಸೋ ಬದಲು ನೀರು ಕುಡಿಯೋದೇ ಬಿಟ್ಬಿಡೋಣ ಅಂತಿದ್ದೆ."

ಸೊಸೆಯ ಕೈಯಿಂದ ಹಾಸಿಗೆ ಜಾರಿತು.

"ನಾನು ಹೊಡೆಯೋಕೆ ಮುಂಚೆ ಹೇಳಬಾರದಿತ್ತಾ ಮಾವ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅವರನ್ನು ಎಬ್ಬಿಸಲು ಕೈ ಚಾಚಿದಳು. ಆ ಕೈ ಕಂಡದ್ದೇ ತಡ, ಮಗು ನಡುವೆ ನುಗ್ಗಿ ತಾತನಿಗೆ ಅಡ್ಡ ನಿಂತಿತು.

"ಬೇಡಮ್ಮ... ತಾತಂಗೆ ಹೊಡೀಬೇಡ. ಅವ್ರಿಗೆ ಹುಷಾರಿಲ್ಲ."

ಕೆಂಪೇರಿದ ಆ ಪುಟ್ಟ ಕೆನ್ನೆಯನ್ನು ನೋಡಲಾರದೆ, ಹೆಡ್‌ಮಾಸ್ಟರು ಕೂದಲೆಲ್ಲ ಉದುರಿದ ತಲೆಯನ್ನು ತಗ್ಗಿಸಿ ಬಿಕ್ಕಿ ಬಿಕ್ಕಿ ಅತ್ತರು.